ಇದ್ಯಾವುದೂ ಅಲ್ಲ

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಈ ವರ್ಷ ಹೊಸ ರೂಢಿ ಬಂದಿದೆ. ಪ್ರೋಗ್ರಾಮ್ ಬರೆಯುವ ಎಡಿಟರಿಗೆ ಹುಡುಗರು ಒಂದು ಎಕ್ಸ್‌ಟೆನ್ಶನ್ ಹಾಕಿಕೊಂಡಿರುತ್ತಾರೆ. ಎರಡು ಅಕ್ಷರ ಒತ್ತುವುದರೊಳಗೆ ಉಳಿದದ್ದನ್ನು ಎಐ ತಾನೇ ಬರೆದು ಮಸುಕು ಬಣ್ಣದಲ್ಲಿ ಮುಂದಿಡುತ್ತದೆ. ಟ್ಯಾಬ್ ಕೀ ಒತ್ತಿದರೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಮೊನ್ನೆ ಒಬ್ಬ ಹುಡುಗಿಯನ್ನು, "ಇದನ್ನ ಹಿಂಗ್ಯಾಕ ಬರದಿ?" ಎಂದು ಕೇಳಿದೆ. "ಗೊತ್ತಿಲ್ರಿ ಮೇಡಂ, ಅದಽ ಬಂತು" ಅಂದಳು. ಪಾಪ, ಸುಳ್ಳೇನೂ ಹೇಳಲಿಲ್ಲ. ಆಗ ನನಗೆ ಹಿಂದೆ ಇದೇ ಲ್ಯಾಬಿನಲ್ಲಿ ಕಲಿಸುತ್ತಿದ್ದ ಸರ್ ನೆನಪಾದರು. ಅವರಿದ್ದಿದ್ದರೆ ಟ್ಯಾಬ್ ಕೀಯನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಇದು ಉತ್ಪ್ರೇಕ್ಷೆಯಲ್ಲ. ಅಂಥದ್ದನ್ನು ಅವರು ಒಮ್ಮೆ ಮಾಡಿದ್ದರು. ನಾನು ಬೈಲಹೊಂಗಲದ ಈ ಕಾಲೇಜಿಗೆ ಸೇರಿದ ಹೊಸತು. ಹುಡುಗರು ಒಬ್ಬರ ಪ್ರೋಗ್ರಾಮನ್ನು ಇನ್ನೊಬ್ಬರು ಎತ್ತಿ ಅಂಟಿಸುತ್ತಾರೆಂದು ಸಿಟ್ಟಿಗೆದ್ದು, ಲ್ಯಾಬಿನ ಎಲ್ಲ ಕೀಬೋರ್ಡುಗಳಿಂದ 'ವಿ' ಅಕ್ಷರದ ಕೀ ಕಿತ್ತುಬಿಟ್ಟರು. ಆ ಕೀ ಇಲ್ಲದೆ ಅಂಟಿಸಲಿಕ್ಕೆ ಆಗುವುದಿಲ್ಲವಲ್ಲ. ಪ್ರಿನ್ಸಿಪಾಲರು ಕರೆಸಿ ಕೇಳಿದರು: "ಅಲ್ರೀ, ವಿಜಯಲಕ್ಷ್ಮಿ ಅನ್ನಾಕಿ ತನ್ನ ಹೆಸರ ಹೆಂಗ ಬರೀಬೇಕ್ರಿ?"

"ಒಂದ ದಿನಾ ಇಜಯಲಕ್ಷ್ಮಿ ಆಗಲಿ ಬಿಡ್ರಿ ಸರ. ಆಕೀ ಮುತ್ಯಾ ಹಂಗಽ ಕರೀತಾನ."

ಎತ್ತರದ ಆಳು. ಮೊಣಕೈವರೆಗೆ ಮಡಚಿದ ತೋಳು. ನಡೆದರೆ ಜೊತೆಗಿದ್ದವರು ಓಡಬೇಕು, ಮಾತಾಡಿದರೆ ಎದುರಿಗಿದ್ದವರು ಸುಮ್ಮನಾಗಬೇಕು. ಸ್ಟಾಫ್ ರೂಮಿನಲ್ಲಿ ಅವರ ಮುಂದೆ ಯಾರೂ ಒಂದು ವಾಕ್ಯವನ್ನು ಪೂರ್ತಿ ಆಡಿ ಮುಗಿಸಿದ್ದನ್ನು ನಾನು ಕಂಡಿಲ್ಲ. ನಾವು ಅರ್ಧ ಹೇಳುತ್ತಲೇ ಉಳಿದರ್ಧವನ್ನು ಅವರು ಹೇಳಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಚಹಾದ ಕಪ್ಪು ಕೆಳಗಿಟ್ಟು ಎದ್ದಿರುತ್ತಿದ್ದರು. ನಾನೊಮ್ಮೆ ರೇಗಿ, "ಪೂರಾ ಹೇಳಾಕರೆ ಬಿಡ್ರಿ ಸರ" ಅಂದೆ.

"ಬಾಲಾ ಕಂಡರ ಎಮ್ಮಿ ಅಂತ ಗೊತ್ತಾಗತೈತ್ರಿ ಬಾಯಾರ. ಪೂರಾ ಎಮ್ಮಿ ಯಾಕ ಹೊಡಕೊಂಡ ಬರತೀರಿ?"

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಬಾಯಾರು ಅನ್ನುತ್ತಾರೆ. ವಯಸ್ಸಿನಲ್ಲಿ ನಾನು ಅವರಿಗಿಂತ ಬಹಳ ಚಿಕ್ಕವಳಾದರೂ ಕೊನೆಯವರೆಗೂ ಹಾಗೆಯೇ ಕರೆದರು. ಸಿಟ್ಟು ಬರುತ್ತಿದ್ದದ್ದು ಯಾತಕ್ಕೆಂದರೆ, ಅವರು ಮುಗಿಸಿದ ವಾಕ್ಯ ಸಾಮಾನ್ಯವಾಗಿ ಸರಿಯೇ ಇರುತ್ತಿತ್ತು.

ಮೊದಲು ಕೈಯಿಂದ ಸೀಮೆಸುಣ್ಣದ ಖಡು ಬಿತ್ತು. ಬೋರ್ಡಿನ ಮೇಲೆ ಬರೆಯುತ್ತಿದ್ದಂತೆಯೇ ಜಾರಿತು. ಹುಡುಗರು ನಕ್ಕರು, ಅವರೂ ನಕ್ಕು ಎತ್ತಿಕೊಂಡರು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಡವಾಗತೊಡಗಿತು. ಒಂದು ದಿನ ಕಿತ್ತೂರಿನಿಂದ ಬರುವಾಗ ಮೋಟಾರ್‌ಸೈಕಲ್ಲಿನ ಕ್ಲಚ್ ಹಿಡಿಯಲಾಗದೆ ರಸ್ತೆ ಬದಿಗೆ ನಿಂತುಬಿಟ್ಟರು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವನು ಗಾಡಿಯನ್ನು ಟ್ರೇಲಿಗೆ ಹಾಕಿ, ಇವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊರಿಗೆ ಮುಟ್ಟಿಸಿದ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅದನ್ನೇ ಹಾಸ್ಯ ಮಾಡಿ ಹೇಳಿದರು: "ದಾರ್ಯಾಗೆಲ್ಲಾ ಸ್ಪೀಕರ್ ಹಚ್ಚಿ ಹಾಡ ಹಾಕಿದ್ದಾರಿ. ಲಗ್ನದ ಮದಲಿಂಗನ ಮೆರವಣಿಗೀ ಆದಂಗಾತು."

ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ಮಾತ್ರ ಹಾಸ್ಯವಾಗಿರಲಿಲ್ಲ. ನರಗಳು ಒಂದೊಂದಾಗಿ ಸೋಲುವ ರೋಗ. ಕೈ ಹೋಗುತ್ತದೆ, ಕಾಲು ಹೋಗುತ್ತದೆ, ನಾಲಗೆ ಹೋಗುತ್ತದೆ, ಕೊನೆಗೆ ಉಸಿರು. ತಲೆ ಮಾತ್ರ ಕಡೆಯತನಕ ಚುರುಕಾಗಿಯೇ ಇರುತ್ತದೆ. "ಸೀಕ್ವೆನ್ಸ್ ತಪ್ಪೇತ್ರಿ ಬಾಯಾರ. ಮೊದಲ ತಲೀನಽ ಹೋಗಬೇಕಿತ್ತು" ಎಂದು ನನಗೆ ಹೇಳಿದರು. ಆಗಲೇ ಮಾತು ಸ್ವಲ್ಪ ಕಲಸಿತ್ತು.

ಆದರೂ ಪಾಠ ಬಿಡಲಿಲ್ಲ. ಕೊನೆಕೊನೆಗೆ ಅವರು ಕುರ್ಚಿಯ ಮೇಲೆ ಕೂತು ಹೇಳುವುದು, ನಾನು ಬೋರ್ಡಿನ ಮೇಲೆ ಬರೆಯುವುದು. ಹುಡುಗರಿಗೆ ಅವರ ಮಾತು ತಿಳಿಯದಾದಾಗ ನಾನೇ ತಿರುಗಿ ಹೇಳತೊಡಗಿದೆ. ಒಂದು ದಿನ ಹಾಗೆ ಹೇಳುತ್ತಿದ್ದಾಗ ಅವರು ತಲೆ ಅಲ್ಲಾಡಿಸಿದರು. ಮತ್ತೆ ಹೇಳಿದರು, ನಾನು ಮತ್ತೆ ಹೇಳಿದೆ. ಮತ್ತೆ ತಲೆ ಅಲ್ಲಾಡಿಸಿದರು. ಮೂರನೆಯ ಸಲವೂ ನನಗೆ ಅರ್ಥ ಹತ್ತಲಿಲ್ಲ. ಅವರು ಸುಮ್ಮನೆ 'ಹೂಂ' ಎಂದು ಕಣ್ಣು ಕೆಳಗೆ ಹಾಕಿದರು. ಆ ವಾರ ಅವರಾಗಿಯೇ ರಜೆ ಬರೆಸಿದರು.

ಅವರದು ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಮೇಲಂತಸ್ತಿನ ಬಾಡಿಗೆ ಮನೆ. ಏಣಿಯಂಥ ಕಡಿದಾದ ಮೆಟ್ಟಿಲು, ನಡುವೆ ಒಂದು ಇಕ್ಕಟ್ಟಾದ ತಿರುವು. ನಡೆಯುವ ಕಾಲವಿದ್ದಾಗ ಆ ತಿರುವನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಾಲು ನಿಂತ ಮೇಲೆ ಅವರನ್ನು ಕುರ್ಚಿಯೊಂದಿಗೆ ಎತ್ತಿ ಇಳಿಸಬೇಕೆಂದರೆ ಯಾರ್ಡಿನ ಹಮಾಲರನ್ನು ಕರೆಯಬೇಕಾಗುತ್ತಿತ್ತು. ಅವರು ಬಂದು, "ಸರ, ಕಡ್ಲಿ ಚೀಲಕಿಂತ ಹಗರ ಅದೀರಿ ಬಿಡ್ರಿ" ಎಂದು ಪ್ರೀತಿಯಿಂದಲೇ ಎತ್ತುತ್ತಿದ್ದರು. ಆದರೆ ತಿರುವಿನಲ್ಲಿ ಕುರ್ಚಿ ಓರೆಯಾದಾಗ ಅವರ ಕುತ್ತಿಗೆ ಒಂದು ಕಡೆ ಬಿದ್ದುಬಿಡುತ್ತಿತ್ತು. ಬರಬರುತ್ತ ಆಸ್ಪತ್ರೆಗಲ್ಲದೆ ಕೆಳಗಿಳಿಯುವುದು ನಿಂತುಹೋಯಿತು. ಉಳಿದದ್ದು ಒಂದು ಕೋಣೆ, ಒಂದು ಮಂಚ, ಯಾರ್ಡಿನ ಕಡೆಗೆ ತೆರೆಯುವ ಒಂದು ಖಿಡಕಿ.

ಅವರ ಹೆಂಡತಿ ಸವದತ್ತಿಯ ಆಚೆಗಿನ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದರು. ನಾನವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಗಲು ನೋಡಿಕೊಳ್ಳಲು ಸರ್ ಅವರ ಅಣ್ಣ ರಾಮದುರ್ಗದಿಂದ ಬಂದು ನಿಂತರು. ಅಲ್ಲಿ ಅವರದು ಸೀರೆಯ ಅಂಗಡಿ. ಅದನ್ನು ಮಗನ ಕೈಗೆ ಕೊಟ್ಟು, ಒಂದು ಟ್ರಂಕು ಹಿಡಿದು ಬಂದವರು, ನಡುವೆ ಕೆಲವು ದಿನ ಬಿಟ್ಟರೆ, ಕಡೆಯತನಕ ಇಲ್ಲಿಯೇ ಇದ್ದರು. ತಮ್ಮನನ್ನು ಎತ್ತುವುದು, ತಿರುಗಿಸುವುದು, ಮೀಸಿ ಬಟ್ಟೆ ಹಾಕುವುದು, ಹಗಲಿನದೆಲ್ಲವನ್ನೂ ಅವರೇ ಮಾಡುತ್ತಿದ್ದರು. ನರ್ಸ್ ಇಡೋಣವೇ ಎಂದು ಯಾರಾದರೂ ಅಂದರೆ ಬೇಸರವಾಗುತ್ತಿತ್ತು. "ನಮ್ಮವ್ವ ಹೊಲಕ ಹೋದಾಗ ಇವನ್ನ ಬಗಲಾಗ ಇಟಗೊಂಡ ತಿರಗೇನ್ರಿ ನಾ. ಇವನ ಮಾರಿ ನೋಡಿದ್ರ ಸಾಕು, ಏನ ಬೇಕು ಅಂತ ಗೊತ್ತಾಗತೈತಿ."

ಆ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ತೊಂದರೆ ಏನೆಂದರೆ, ಅವರಿಗೆ ಗೊತ್ತಾಗುತ್ತಿದ್ದದ್ದು ಎಷ್ಟೋ ಸಲ ಬೇರೆಯದೇ ಆಗಿರುತ್ತಿತ್ತು. ತಮ್ಮನು ಕಣ್ಣು ಅರಳಿಸಿದರೆ, "ಥಂಡಿ ಹತ್ತೇತಿ" ಎಂದು ಕಂಬಳಿ ಹೊದಿಸುತ್ತಿದ್ದರು. ಅದು ಬ್ಯಾಸಿಗೆ. ಕಣ್ಣು ಮುಚ್ಚಿದರೆ, "ನಿದ್ದಿ ಬಂದೈತಿ" ಎಂದು ದೀಪ ಆರಿಸುತ್ತಿದ್ದರು. ಮಧ್ಯಾಹ್ನ ಅಣ್ಣ ನೋಡುವ ಧಾರಾವಾಹಿಯನ್ನು ತಮ್ಮನೂ ನೋಡಬೇಕಾಗುತ್ತಿತ್ತು, ಏಕೆಂದರೆ ಮುಖ ಆ ಕಡೆಗೇ ತಿರುಗಿಸಿಟ್ಟಿರುತ್ತಿತ್ತು. ಒಮ್ಮೆ ನಾನು ಹೋದಾಗ ಮೂಗಿನ ಮೇಲೆ ಒಂದು ನೊಣ ಕೂತಿತ್ತು. ಅಣ್ಣ ಪಕ್ಕದಲ್ಲೇ ಕೂತು ಊರ ಸುದ್ದಿ ಹೇಳುತ್ತಿದ್ದರು. ನಾನು ನೊಣ ಓಡಿಸಿದೆ. ಸರ್ ನನ್ನನ್ನು ನೋಡಿದ ನೋಟವನ್ನು ಹೇಗೆ ಹೇಳಬೇಕೋ ಗೊತ್ತಿಲ್ಲ. ಬಾವಿಯಲ್ಲಿ ಬಿದ್ದವನು ಮೇಲೆ ಯಾರೋ ಇಣುಕಿದಾಗ ಹಾಗೆ ನೋಡುತ್ತಾನೇನೋ.

ಕೈ ಪೂರ್ತಿ ಹೋಗುವ ಮೊದಲೇ ಅವರು ತಮ್ಮ ಕಂಪ್ಯೂಟರಿನಲ್ಲಿ ಏರ್ಪಾಡು ಮಾಡಿಟ್ಟುಕೊಂಡಿದ್ದರು. ಎಡಗೈಯ ಕಿರುಬೆರಳೊಂದು ಮಾತ್ರ ಇನ್ನೂ ಅವರ ಮಾತು ಕೇಳುತ್ತಿತ್ತು. ಅದರ ಕೆಳಗೆ ಕರೆಗಂಟೆಯ ಬಟನ್ ಇಟ್ಟು ಕಂಪ್ಯೂಟರಿಗೆ ಜೋಡಿಸಿಕೊಟ್ಟವಳು ನಾನು. ತೆರೆಯ ಮೇಲೆ ಅಕ್ಷರಗಳ ಸಾಲುಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತವೆ. ಬೇಕಾದ ಸಾಲು ಬೆಳಗಿದಾಗ ಒತ್ತಬೇಕು, ಆ ಸಾಲಿನ ಬೇಕಾದ ಅಕ್ಷರ ಬೆಳಗಿದಾಗ ಮತ್ತೆ ಒತ್ತಬೇಕು. ಒಂದು ಸಣ್ಣ ಮಾತು ಬರೆಯಲು ಚಹಾ ಮಾಡಿ, ಕುಡಿದು, ಪಾತ್ರೆ ತೊಳೆದಿಡುವಷ್ಟು ಹೊತ್ತು ಹಿಡಿಯುತ್ತಿತ್ತು. ಹಾಗೆ ಅವರು ಬರೆದ ಮೊದಲ ವಾಕ್ಯ ಧಾರಾವಾಹಿಯ ಬಗ್ಗೆ: "ಆ ಅತ್ತಿ ಸಾಯೂಮಟಾ ನಾ ಸಾಯೂದಿಲ್ಲ." ಅಣ್ಣ ಅದನ್ನು ಓದಿ, ಕಥೆ ತಮ್ಮನಿಗೆ ಹಿಡಿಸಿದೆ ಎಂದೇ ತಿಳಿದರು.

ಹಾಗೆ ಅಕ್ಷರ ಹೆಕ್ಕುತ್ತ ಪ್ರೋಗ್ರಾಮ್ ಬರೆಯುವುದು ಆಗದ ಮಾತು. ಅದಕ್ಕೆಂದೇ ಅವರು ಎಡಿಟರಿಗೆ ಎಐ ಎಕ್ಸ್‌ಟೆನ್ಶನ್ ಹಾಕಿಸಿಕೊಂಡರು. ಏನು ಬೇಕು ಅಂತ ಒಂದು ಸಾಲು ಹೇಳಿದರೆ ಉಳಿದದ್ದನ್ನು ಅದೇ ಬರೆದು ತೋರಿಸುತ್ತದೆ. ಬೇಕಾದರೆ ಒಮ್ಮೆ ಒತ್ತುವುದು, ಬೇಡವಾದರೆ ಒತ್ತಿ ಹಿಡಿಯುವುದು. ಮೊದಲ ದಿನಗಳ ಅವರ ಹುರುಪು ನೋಡಬೇಕಿತ್ತು. ಕಾಲೇಜಿನ ಹಾಜರಾತಿಯ ಪ್ರೋಗ್ರಾಮನ್ನು ಮಂಚದ ಮೇಲಿಂದಲೇ ಹೊಸದಾಗಿ ಮಾಡಿಕೊಟ್ಟರು. ನಾವೆಲ್ಲ ಬಾಯಿ ತುಂಬ ಹೊಗಳಿದೆವು. ಪ್ರಿನ್ಸಿಪಾಲರು ಬಂದು ಶಾಲು ಹೊದಿಸಿದರು. ಅಣ್ಣ ಫೋಟೋ ತೆಗೆದು ರಾಮದುರ್ಗಕ್ಕೆಲ್ಲ ಕಳಿಸಿದರು.

ಮುಂದಿನ ವಾರ ಹೋದಾಗ ತೆರೆ ಕಪ್ಪಾಗಿತ್ತು. "ಯಾಕೋ ಒಲ್ಲೆ ಅಂತಾನ್ರಿ. ದಣಿದಾನ" ಅಂದರು ಅಣ್ಣ. ನಾನು ಕಂಪ್ಯೂಟರ್ ಚಾಲೂ ಮಾಡಿ ಬೆರಳ ಕೆಳಗೆ ಬಟನ್ ಇಟ್ಟು ಕಾದೆ. ನಿಧಾನವಾಗಿ ಬರೆದರು: "ಚೊಲೋ ಬರೀತೈತಿ. ನಂದಲ್ಲ."

"ಅಂದ್ರ ಹೆಂಗ್ರಿ ಸರ?"

"ನಾ ಬರೇ ಹೂಂ ಅನ್ನಾಂವ."

ನಾನು ತುಸು ವಾದ ಮಾಡಿದೆ. ತಪ್ಪಿದ್ದರೆ ಬೇಡ ಅನ್ನಬಹುದಲ್ಲ ಅಂದೆ. ಅವರು ಹಿಂದಿನ ದಿನದ ಕೆಲಸವನ್ನು ತೆಗೆದು ತೋರಿಸಿದರು. ಅವರ ಬೆರಳು ಅಂದು ತಡವಾಗಿತ್ತು. ಬೇಡ ಎಂದು ಒತ್ತುವುದರೊಳಗೆ, ಸುಮ್ಮನಿದ್ದಾರೆಂದರೆ ಒಪ್ಪಿದ್ದಾರೆ ಎಂದು ಲೆಕ್ಕ ಹಿಡಿದು ಅದು ಮುಂದಿನ ಫೈಲಿಗೆ ಹೋಗಿತ್ತು, ಅಲ್ಲಿಂದ ಇನ್ನೊಂದಕ್ಕೆ. ಇವರು ನೋಡುತ್ತ ಮಲಗಿದ್ದರು. ಬೇಡ ಅಂದಾಗಲೂ ಅದು ಕೇಳುತ್ತಿರಲಿಲ್ಲ. ಅದಕ್ಕೆ ಹತ್ತಿರದ ಇನ್ನೊಂದನ್ನು ತಂದಿಡುತ್ತಿತ್ತು, ಅದೂ ಬೇಡವೆಂದರೆ ಮತ್ತೊಂದು. ಎಲ್ಲವೂ ನಯವಾಗಿ, ಎಲ್ಲವೂ ನಡೆಯುವಂಥವೇ. ಕೊನೆಗೆ ದಣಿವಾಗಿ ಯಾವುದೋ ಒಂದಕ್ಕೆ ಹೂಂ ಅನ್ನಬೇಕಾಗುತ್ತಿತ್ತು. ಅಷ್ಟು ಬರೆದು ತಿಳಿಸುವುದರೊಳಗೆ ಅವರ ಹಣೆಯಲ್ಲಿ ಬೆವರು ಒಡೆದಿತ್ತು. ಅಣ್ಣ ಬಂದು ಫ್ಯಾನು ಹಚ್ಚಿದರು.

ಅಂದಿನಿಂದ ಅವರು ತಮ್ಮದೇ ಒಂದು ಎಕ್ಸ್‌ಟೆನ್ಶನ್ ಮಾಡಲು ಹಿಡಿದರು. ಎಐ ಮತ್ತು ತಮ್ಮ ನಡುವೆ ನಿಲ್ಲುವಂಥದ್ದು. ಅವರ ಕರಾರು ಮೂರು. ಒಂದಕ್ಷರ ಬರೆಯುವ ಮೊದಲು ಏನು ಮಾಡಲಿದ್ದೇನೆ, ಯಾವ ಯಾವ ದಾರಿ ಇವೆ ಎಂದು ಅದು ಕೇಳಬೇಕು. ಆ ದಾರಿಗಳ ಕೊನೆಗೆ 'ಇದ್ಯಾವುದೂ ಅಲ್ಲ' ಎಂಬ ಒಂದು ಆಯ್ಕೆ ಇದ್ದೇ ಇರಬೇಕು. ಅದನ್ನು ಒತ್ತಿದರೆ ಮತ್ತೊಂದು ಊಹೆ ಮಾಡಬಾರದು, ಇನ್ನೂ ಸಣ್ಣ ಪ್ರಶ್ನೆ ಕೇಳಬೇಕು. ಮೂರನೆಯದು, ಉತ್ತರ ಬರುವತನಕ ಕಾಯಬೇಕು. ಎಷ್ಟು ಹೊತ್ತಾದರೂ.

ಕಬ್ಬಿನ ಹಂಗಾಮಿನಲ್ಲಿ ಹಿಡಿದ ಕೆಲಸ ಬ್ಯಾಸಿಗೆ ಬರುವ ಹೊತ್ತಿಗೆ ಮುಗಿಯಿತು. ಕೋಡನ್ನು ಬಹುಪಾಲು ಬರೆದದ್ದು ಎಐಯೇ. ಎತ್ತು ತನ್ನ ಬಾಯಿಗೆ ತಾನೇ ಬುಟ್ಟಿ ಹೆಣೆದುಕೊಂಡಂತೆ. ಸರ್ ಒತ್ತಿ ಹಿಡಿದು, ಒತ್ತಿ ಹಿಡಿದು ಅದರಿಂದ ಹೆಣೆಸಿದರು. ವಾರಕ್ಕೆರಡು ಸಂಜೆ ನಾನು ಹೋಗಿ, ಅವರ ಬೆರಳಿಗೆ ಆಗದ ಸಣ್ಣಪುಟ್ಟದ್ದನ್ನು ಟೈಪು ಮಾಡುತ್ತಿದ್ದೆ. ಮುಗಿದ ಮೇಲೆ ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಹಾಕಿದರು. ಕೆಲವರು ತೆಗೆದುಕೊಂಡರು. ಎಲ್ಲಿಯವನೋ ಒಬ್ಬ, 'ಇದು ಬರೀ ಪ್ರಶ್ನೆ ಕೇಳುತ್ತದೆ, ನನ್ನ ಹೊತ್ತು ಹಾಳು' ಎಂದು ಬರೆದಿದ್ದ. ಅದನ್ನು ಓದಿ ಹೇಳಿದಾಗ ಅವರ ಮೂಗಿನಿಂದ ಸಣ್ಣ ಉಸಿರು ಬಂತು. ಆಗ ಅದೇ ಅವರ ನಗು.

ಅಣ್ಣನಿಗೆ ಮಾತ್ರ ಅದು ಕೊನೆಯತನಕ 'ಗುಂಡಿ ಆಟ'. ನಾವು ಕೂತಾಗ ಅವರು ಹೊರಗಿನ ಪಡಸಾಲೆಗೆ ಹೋಗಿ ಅಡಿಕೆ ಕತ್ತರಿಸುತ್ತಿದ್ದರು.

ಮಳೆಗಾಲ ಹತ್ತಿರವಾದಂತೆ ಉಸಿರು ಕಟ್ಟತೊಡಗಿತು. ಹಮಾಲರು ಬಂದರು, ಕುರ್ಚಿ ಓರೆಯಾಯಿತು, ಹುಬ್ಬಳ್ಳಿಗೆ ಹೋಗಿ ಬಂದರು. ಡಾಕ್ಟರು ಎರಡು ದಾರಿ ಹೇಳಿ ಕಳಿಸಿದ್ದರು. ಗಂಟಲಿಗೆ ರಂಧ್ರ ಮಾಡಿ ಉಸಿರಿನ ಮಷೀನಿಗೆ ಹಚ್ಚಿದರೆ ಇನ್ನೂ ಕೆಲವು ವರ್ಷ. ಅದು ಬೇಡವಾದರೆ ಕೆಲವೇ ತಿಂಗಳು, ಮನೆಯಲ್ಲೇ. ಮಾತಾಡಿಕೊಂಡು ತಿಳಿಸಿರಿ ಎಂದಿದ್ದರು.

ಆ ಭಾನುವಾರ ಬೆಳಿಗ್ಗೆ ನಾನೂ ಇದ್ದೆ. ಅಣ್ಣ ಮಂಚದ ಮೇಲೆ ಕೂತು ತಮ್ಮನ ಕೈ ಹಿಡಿದು, "ಮಾಡಸೂಣಲ್ಲೋ ತಮ್ಮಾ?" ಅಂದರು. ಸರ್ ರೆಪ್ಪೆ ಬಡಿದರು. "ಹೌದಂದಾ, ನೋಡ್ರಿ" ಎಂದು ಅಣ್ಣ ನಮ್ಮ ಕಡೆ ತಿರುಗಿದರು. ಆದರೆ ಅದು ಹೌದಾಗಿರಲಿಲ್ಲ, ಕಣ್ಣು ಒಣಗಿದಾಗ ಎಲ್ಲರೂ ಬಡಿಯುವಂತೆ ಬಡಿದಿದ್ದರು ಅಷ್ಟೆ. ಆಮೇಲೆ ಅವರ ಕಣ್ಣು ಕಂಪ್ಯೂಟರಿನ ಕಡೆ ಹೋಯಿತು, ನನ್ನ ಕಡೆ ಬಂತು, ಮತ್ತೆ ಕಂಪ್ಯೂಟರಿನ ಕಡೆ ಹೋಯಿತು.

"ಅದನ್ನ ಹಚ್ಚಂತ ಅನ್ನಾಕತ್ತಾರ್ರಿ ಅಣ್ಣಾರ" ಅಂದೆ.

"ಈಗೆಲ್ಲಿ ಆಟಾ ಹಚ್ಚೀರಿ ಬಾಯಾರ? ಇದೇನ ಕಂಪ್ಯೂಟರ್ ಕೆಲಸ ಏನ್ರಿ?"

ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಭಾವನ ಮುಂದೆ ದನಿ ಎತ್ತುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. ಆದರೆ ಅವರೇ ಬಂದು ಕಂಪ್ಯೂಟರನ್ನು ಮಂಚದ ಹತ್ತಿರ ಎಳೆದರು.

ಅಕ್ಷರ ಹೆಕ್ಕಿ ಬರೆಯುವಷ್ಟು ಬಲ ಆ ಹೊತ್ತಿಗೆ ಬೆರಳಲ್ಲಿ ಉಳಿದಿರಲಿಲ್ಲ. ಒಂದು ಶಬ್ದ ಬರೆದರೆ ಬಹಳ. ಅವರಿಗೆ ಉಳಿದದ್ದು ಅವರೇ ಮಾಡಿದ ಆ ಎಕ್ಸ್‌ಟೆನ್ಶನ್. ಪ್ರೋಗ್ರಾಮಿಗೆಂದು ಮಾಡಿದ್ದನ್ನು ಇಂಥದಕ್ಕೆ ಬಳಸಬಹುದೆಂದು ನಾನು ಎಣಿಸಿರಲಿಲ್ಲ. ಎಡಿಟರಿನಲ್ಲಿ ಒಂದು ಖಾಲಿ ಫೈಲು ತೆರೆದು, ಸಂಗತಿಯನ್ನು ನಾಲ್ಕು ಸಾಲಿನಲ್ಲಿ ಬರೆದೆ. ಅದು ತನ್ನ ಪದ್ಧತಿಯಂತೆ ದಾರಿಗಳನ್ನು ಮುಂದಿಟ್ಟಿತು. ಶಸ್ತ್ರಚಿಕಿತ್ಸೆ ಮಾಡಿಸುವುದು. ಬೇಡ. ಇನ್ನೂ ಸ್ವಲ್ಪ ದಿನ ನೋಡುವುದು. ಇದ್ಯಾವುದೂ ಅಲ್ಲ.

ಬೆಳಕು ಒಂದೊಂದರ ಮೇಲೆ ಹಾಯುತ್ತ ಬಂತು. ಕೊನೆಯದರ ಮೇಲೆ ನಿಂತಾಗ ಬೆರಳು ಒತ್ತಿತು.

"ತಪ್ಪಿ ಒತ್ತಿರಬೇಕು" ಅಂದರು ಅಣ್ಣ.

ಅದು ಸಣ್ಣ ಪ್ರಶ್ನೆಗಿಳಿಯಿತು. ಚಿಕಿತ್ಸೆಯ ಬಗ್ಗೆ ಹೇಳಬೇಕಿದೆಯೇ? ಅಲ್ಲ. ಇಲ್ಲಿರುವವರ ಬಗ್ಗೆಯೇ? ಹೌದು. ನಮ್ಮ ಹೆಸರುಗಳನ್ನು ನಾನು ಟೈಪು ಮಾಡಿದೆ. ಅಣ್ಣನ ಹೆಸರು ಬೆಳಗಿ ಮುಂದೆ ಹೋಯಿತು. ನನ್ನದೂ ಹೋಯಿತು. ವೈನಿಯ ಹೆಸರಿನ ಮೇಲೆ ಬೆರಳು ಒತ್ತಿತು. ಅವರಿಗೆ ಏನಾದರೂ ಹೇಳಬೇಕೇ? ಅಲ್ಲ. ಅವರು ಏನಾದರೂ ಮಾಡಬೇಕೇ? ಅಲ್ಲ. ಇದ್ಯಾವುದೂ ಅಲ್ಲ. ಕೊನೆಗೆ ಅವರು ಅಕ್ಷರಗಳನ್ನೇ ಬೇಡಿದರು. ಹೊರಗೆ ಯಾರ್ಡಿನಲ್ಲಿ ಯಾರೋ ಕೂಗಿ ಲಾರಿ ಹಿಂದಕ್ಕೆ ತೆಗೆಸುತ್ತಿದ್ದರು. ನಾವು ಮೂವರೂ ತೆರೆಯನ್ನೇ ನೋಡುತ್ತಿದ್ದೆವು. ನಡುವೆ ಒಮ್ಮೆ ಬೆರಳು ಸೋತು ನಿಂತಿತು, ಮತ್ತೆ ಶುರುವಾಯಿತು. ಬಂದದ್ದು ಒಂದೇ ಶಬ್ದ: "ಕೇಳ್ರಿ."

ಆಕೆಯನ್ನು ಕೇಳಿರಿ.

ಅಣ್ಣನಿಗೆ ತಿಳಿಯಲಿಲ್ಲ. "ಏನ ಕೇಳೂದು? ಆಕೀ ಏನ ಬ್ಯಾರೆ ಹೇಳತಾಳ?"

ವೈನಿ ಸೆರಗಿಗೆ ಕೈ ಒರೆಸುತ್ತ ನಿಂತೇ ಇದ್ದರು. ನಾನು, "ಹೇಳ್ರಿ ವೈನಿ" ಅಂದೆ. ಅವರು ಭಾವನನ್ನು ನೋಡದೆ, ಗಂಡನನ್ನೂ ನೋಡದೆ, ಮಂಚದ ಕಾಲು ನೋಡುತ್ತ ಹೇಳಿದರು:

"ಅವರ ಇರಬೇಕ್ರಿ. ಹೆಂಗ ಇದ್ರೂ ಇರಬೇಕು. ಆದ್ರ ನನಗ ನಿದ್ದಿ ಬೇಕ್ರಿ. ರಾತ್ರಿಯೆಲ್ಲಾ ತಾಸಿಗೊಮ್ಮಿ ಏಳತೇನಿ, ಮಗ್ಗಲಾ ಹೊಳ್ಳಸತೇನಿ, ಜೊಲ್ಲ ತಗೀತೇನಿ. ಮುಂಜಾನೆ ಸಾಲಿಗೆ ಹೋಗತೇನಿ. ಬಸ್ಸಿನ್ಯಾಗ ನಿಂತಲ್ಲೇ ನಿದ್ದಿ ಹತ್ತತೈತಿ, ಇಳಿಯೂ ಊರ ದಾಟಿ ಹೋಗಿಬಿಡತೇನಿ. ಮಷೀನ ಬಂದ್ರ ಅದನ್ನೂ ನೋಡಕೋತ ಕೂಡಬೇಕು ಅಂತ ಡಾಕ್ಟರ್ ಹೇಳ್ಯಾರ. ಅವರೂ ಬೇಕು, ನಿದ್ದೀನೂ ಬೇಕು ಅಂತ ಹೇಂತಿ ಆದಾಕಿ ಹೇಳಬಾರದು. ಅದಕಽ ಸುಮ್ಮನಿದ್ದೆ."

ಸರ್ ಹೆಂಡತಿಯನ್ನು ನೋಡುತ್ತಿದ್ದರು. ಅವರು ಮುಗಿಸಿದ ಮೇಲೂ ನೋಡುತ್ತಿದ್ದರು. ಎಕ್ಸ್‌ಟೆನ್ಶನ್ ಮೊದಲಿನ ಪ್ರಶ್ನೆಯನ್ನು ತೆರೆಯ ಮೇಲೆ ಮತ್ತೆ ಇಟ್ಟುಕೊಂಡು ಕಾಯುತ್ತಿತ್ತು. ಬೆಳಕು ಸುತ್ತುತ್ತಲೇ ಇತ್ತು. ಎಷ್ಟೋ ಸುತ್ತಾದ ಮೇಲೆ ಬೆರಳು ಒತ್ತಿತು. ಬೇಡ.

ಅಣ್ಣ ಎದ್ದು ನಿಂತರು. ಅವರು ಕೂಗಿದ್ದನ್ನು ಅಂದೇ ನಾನು ಮೊದಲು ಕೇಳಿದ್ದು. "ಆಕೀ ಹಂಗ ಅಂದ್ಳಂತ ಇಂವಾ ಹಿಂಗ ಅಂದಾ! ಆಕೀ ನಿದ್ದೀ ಸಲುವಾಗಿ ನನ್ನ ತಮ್ಮ ಸಾಯಬೇಕೇನು?" ಚಪ್ಪಲಿ ಮೆಟ್ಟಿ, ದಡದಡ ಮೆಟ್ಟಿಲಿಳಿದು, ಸಿಕ್ಕ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋಗಿಬಿಟ್ಟರು. ವೈನಿ ಅಡುಗೆಮನೆಗೆ ಹೋದರು. ಒಲೆಯ ಮೇಲಿನ ಅನ್ನ ತಳ ಹತ್ತಿದ ವಾಸನೆ ಬರುತ್ತಿತ್ತು.

ವೈನಿ ಶಾಲೆಗೆ ರಜೆ ಹಾಕಿ ಹಗಲೂ ರಾತ್ರಿ ಒಬ್ಬರೇ ನಿಂತರು. ಆ ದಿನಗಳಲ್ಲಿ ಸರ್ ಅಣ್ಣನಿಗೆಂದು ಒಂದು ಸಾಲು ಬರೆದರು. ಬೆಳಿಗ್ಗೆ ಒಂದು ಶಬ್ದ, ಸಂಜೆ ಒಂದು ಶಬ್ದ. "ಮೊದಲಽ ಬ್ಯಾಡ ಇತ್ತು. ಆಕೀನ ಕೇಳದ ಹೇಳಬಾರದಂತ ತಡದೆ." ಅದರ ಚಿತ್ರ ತೆಗೆದು ನಾನು ರಾಮದುರ್ಗಕ್ಕೆ ಕಳಿಸಿದೆ. ಅದು ಖರೆಯೋ, ಹೆಂಡತಿಯ ತಲೆಯ ಮೇಲಿನ ಭಾರ ಇಳಿಸಲು ಬರೆದದ್ದೋ, ನನಗೆ ಇಂದಿಗೂ ತಿಳಿಯದು. ಮರುದಿನವೇ ಅಣ್ಣ ಬಂದರು. ಬಂದವರೇ ತಮ್ಮನ ಮೈ ಒರೆಸಿದರು. ಅಂದಿನಿಂದ ರಾತ್ರಿಯ ಪಾಳಿಯಲ್ಲಿ ಅರ್ಧ ತಾವು ತೆಗೆದುಕೊಂಡರು. ಭಾನುವಾರ ಊಟವಾದ ಮೇಲೆ, "ಒಳಗ ಹೋಗಿ ಮಲಕೋ ಅನ್ರಿ ಆಕೀಗೆ" ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು.

ನವಿಲುತೀರ್ಥದ ಡ್ಯಾಮು ತುಂಬಿದ ಸುದ್ದಿ ಬಂದ ಮೇಲಿನ ಒಂದು ಭಾನುವಾರ, ಮಧ್ಯಾಹ್ನ, ಸರ್ ಹೋದರು. ವೈನಿ ಒಳಕೋಣೆಯಲ್ಲಿ ಮಲಗಿದ್ದರು. ಅಣ್ಣ ಆಮೇಲೆ ನನಗೆ ಹೇಳಿದ್ದು ಇಷ್ಟು. ಉಸಿರು ಕಡಿಮೆಯಾಗುತ್ತ ಬಂತು. ಅಣ್ಣನಿಗೆ ತಿಳಿಯಿತು. ಕಂಪ್ಯೂಟರ್ ಬಂದ್ ಆಗಿತ್ತು, ಚಾಲೂ ಮಾಡಲು ಇವರಿಗೆ ಬರುತ್ತಿರಲಿಲ್ಲ. ಕಿವಿಯ ಹತ್ತಿರ ಬಾಗಿ, "ಆಕೀನ ಎಬ್ಬಸ್ಲೇನೋ?" ಎಂದು ಕೇಳಿದರು. ಮತ್ತೆ ಕೇಳಿದರು. "ಬ್ಯಾಡ ಅಂದಾರಿ. ಕಣ್ಣಿಲೆ ಬ್ಯಾಡ ಅಂದಾ. ಕೈ ಹಿಡಕೊಂಡ ಕುಂತೆ."

ವೈನಿ ಎದ್ದು ಬಂದಾಗ ಎಲ್ಲ ಮುಗಿದಿತ್ತು. ಅಳುವ ಮೊದಲು ಅವರು ಕೇಳಿದ್ದು ಒಂದೇ: "ನನ್ನ ಯಾಕ ಎಬ್ಬಸಲಿಲ್ರಿ?" ಭಾವನ ಮುಖ ನೋಡಿ ಅವರು ಮಾತಾಡಿದ್ದು ಅದೇ ಮೊದಲಂತೆ.

ಈಗ ಆ ಮೇಲಂತಸ್ತಿನಲ್ಲಿ ಬೇರೆ ಯಾರೋ ಇದ್ದಾರೆ. ಅಣ್ಣ ರಾಮದುರ್ಗದ ಅಂಗಡಿಯಲ್ಲಿ ಕೂಡುತ್ತಾರೆ. ವೈನಿ ಸವದತ್ತಿಯಲ್ಲೇ ಮನೆ ಹಿಡಿದಿದ್ದಾರೆ, ಕೆಳಗಿನ ಮನೆ. ಮೊನ್ನೆ ಪರೀಕ್ಷೆಯ ಕೆಲಸಕ್ಕೆ ಆ ಕಡೆ ಹೋದವಳು ಅವರಲ್ಲಿಗೆ ಹೋದೆ. ಚಹಾ ಕೊಟ್ಟರು, ಶಾಲೆಯ ಮಾತಾಡಿದರು, ನನ್ನ ಮಗಳನ್ನು ಕೇಳಿದರು. ನಾನು ಹೊರಡಲು ಎದ್ದಾಗ ಚೀಲ ಹಿಡಿದು ನಿಲ್ಲಿಸಿದರು.

"ಒಂದ ಕೇಳತೇನ್ರಿ ಬಾಯಾರ. ಅವರ ಕಣ್ಣ ನಿಮಗ ಚೊಲೋ ತಿಳೀತಿತ್ತು. ಅವರು ಖರೇನಽ ಬ್ಯಾಡ ಅಂದಿರಬೇಕೇನ್ರಿ?"

"ಗೊತ್ತಿಲ್ರಿ ವೈನಿ" ಅಂದೆ. "ನಾ ಇರಲಿಲ್ಲ."

ಅವರು ತಲೆಯಾಡಿಸಿದರು. ಬೇರೆ ಉತ್ತರ ಬೇಕಾಗಿತ್ತೋ ಇದೇ ಬೇಕಾಗಿತ್ತೋ ಮುಖದಲ್ಲಿ ಕಾಣಲಿಲ್ಲ. ಚೀಲ ಬಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಅಂದಾರಂತ ಮನಸಿನ್ಯಾಗ ಇಟಗೊಂಡೇನ್ರಿ" ಅಂದರು. "ಇಲ್ಲಂದ್ರ ರಾತ್ರಿ ಕಣ್ಣ ಮುಚ್ಚಾಕ ಆಗೂದಿಲ್ಲ."